ಅವ್ವನ ರೋಮನ್ ಪಾಯಿಖಾನೆ

ತೀರ್ಥಹಳ್ಳಿಯ ಪೂರ್ಣೇಶನ ಅಂಗಡಿಗೆ ನಲ್ಲಿ ತರಲು ಹೋದವರು ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದನ್ನು ಕಂಡವರಿಲ್ಲ. ಅಂಗಡಿ ತುಂಬ ಕಮೋಡು, ಬೇಸಿನ್ನು, ಪೈಪು, ಫ್ಲಶ್ ಟ್ಯಾಂಕು. ಅವುಗಳ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಪೂರ್ಣೇಶ. ಗಿರಾಕಿ ಕಮೋಡಿನ ಅಡಿಯ ಡೊಂಕು ಪೈಪನ್ನು ಸುಮ್ಮನೆ ಮುಟ್ಟಿದರೆ ಸಾಕು. "ಈ ಡೊಂಕಿಗೆ ಪೇಟೆಂಟ್ ತಗಂಡವ ಯಾರು ಗೊತ್ತಾ ನಿಮ್ಗೆ? ಲಂಡನ್ನಿನ ಒಬ್ಬ ವಾಚಿನವ ಮಾರಾಯ್ರೆ! ಡೊಂಕಲ್ಲಿ ಚೂರು ನೀರು ನಿಂತ್ಕಳ್ತದೆ, ನೀರು ದಾಟಿ ವಾಸನೆ ಬರಾದಿಲ್ಲ" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಲಂಡನ್ನಿನಿಂದ ಹೊರಟರೆ ಹರಪ್ಪಾದ ಇಟ್ಟಿಗೆ ಚರಂಡಿ ಮುಟ್ಟುವವರೆಗೆ ಬ್ರೇಕಿಲ್ಲ. ಹೊಸನಗರದಿಂದ ಬಂದವರಿಗೆ ಮಧ್ಯಾಹ್ನದ ಬಸ್ಸು ತಪ್ಪಿ, ಸಾಗರದಿಂದ ಬಂದವರಿಗೆ ಅಲ್ಲೇ ಊಟವೂ ಆಗಿ, ನಲ್ಲಿ ಮಾತ್ರ ಅಂಗಡಿಯಲ್ಲೇ ಉಳಿದುಬಿಡುತ್ತಿತ್ತು.

ಈ ಪಾಂಡಿತ್ಯ ಬಂದದ್ದು ಮಳೆಗಾಲದಿಂದ. ಜೂನ್ ಕಾಲಿಟ್ಟರೆ ನಮ್ಮ ಕಡೆ ಮನೆ ಕಟ್ಟುವವರಿಲ್ಲ, ಕಮೋಡು ಕೇಳುವವರಿಲ್ಲ. ಖಾಲಿ ಅಂಗಡಿಯಲ್ಲಿ ಕೂತು ಪೂರ್ಣೇಶ ಮೊಬೈಲಿನಲ್ಲಿ ಜಗತ್ತಿನ ಪಾಯಿಖಾನೆಗಳನ್ನೆಲ್ಲ ನೋಡಿ ಮುಗಿಸಿದ. ಪಿಯುಸಿಯಲ್ಲಿ ಅವನು ಫೇಲಾದದ್ದೂ ಇತಿಹಾಸದಲ್ಲೇ. "ಬರೀ ಯುದ್ಧ ಬರ್ದಿದ್ರು. ಅಷ್ಟು ಲಕ್ಷ ಸೈನ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಿತ್ತು ಅಂತ ಒಬ್ರೂ ಬರ್ದಿಲ್ಲ" ಎನ್ನುವುದು ಅವನ ಇವತ್ತಿನವರೆಗಿನ ತಕರಾರು. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಚಿತ್ರಾಳನ್ನು ಹೊಸನಗರದ ಕಡೆಯ ದೇವಗಂಗೆ ಕೊಳ ತೋರಿಸಲು ಕರೆದುಕೊಂಡು ಹೋಗಿದ್ದ. ಅವಳು ತಿಳಿನೀರಿನಲ್ಲಿ ಇಬ್ಬರ ಮುಖ ನೋಡುತ್ತ ಕೂತರೆ, ಈ ಪುಣ್ಯಾತ್ಮ ನೀರು ಹೊರಗೆ ಹೋಗುವ ತೂಬಿನ ಹತ್ತಿರ ಬೋರಲು ಬಿದ್ದಿದ್ದ.

ಇಂಥವನ ತಾಯಿ ಯಮುನಮ್ಮ ಪಾಯಿಖಾನೆಗೆ ಕಾಲಿಟ್ಟವಳಲ್ಲ! ಮೇಗರವಳ್ಳಿ ರಸ್ತೆಯ ಅವರ ಮನೆಯ ಹಿತ್ತಲಲ್ಲಿ ಹಿಂದೆಯೇ ಒಂದು ಪಾಯಿಖಾನೆ ಕಟ್ಟಿಸಿದ್ದಾಗಿತ್ತು. ಯಮುನಮ್ಮ ಅದರಲ್ಲಿ ಸೌದೆ ಒಟ್ಟಿ, ಬಾಗಿಲಿಗೆ ಚಿಲಕ ಹಾಕಿ, ಬೆಳಗಾಗೆದ್ದು ಪಕ್ಕದ ಮನೆಯ ವಿಶಾಲಮ್ಮನ ಜೊತೆ ಚೊಂಬು ಹಿಡಿದು ಗುಡ್ಡೆ ಹತ್ತುತ್ತಿದ್ದಳು. ಇಬ್ಬರೂ ಈ ಊರಿಗೆ ಸೊಸೆಯರಾಗಿ ಬಂದಾಗಿನಿಂದ ನಡೆದ ಪದ್ಧತಿ. ದೀಪದ ಬುಡದಲ್ಲೇ ಕತ್ತಲೆ ಎಂದು ಊರವರು ನಗುತ್ತಿದ್ದರು. ಪೂರ್ಣೇಶನೂ ನಗುತ್ತಿದ್ದ, ಆದರೆ ಮನಸ್ಸಿಗೆ ಚುಚ್ಚುತ್ತಿತ್ತು.

ಆಮೇಲೆ ಅವ್ವನ ಮಂಡಿ ಕೈಕೊಟ್ಟಿತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಎರಡು ಕಾಲಿಗೂ ಹೊಸ ಮಂಡಿ ಬಂತು. ಇನ್ನು ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ಗುಡ್ಡೆಯ ಹೆಸರೆತ್ತುವಂತಿಲ್ಲ ಎಂದರು ಡಾಕ್ಟರು. ಪೂರ್ಣೇಶನಿಗೆ ಬೇಸರದ ಜೊತೆಗೆ ಒಳಗೊಳಗೇ ಖುಷಿಯೂ ಆಯಿತೆಂದು ಹೇಳಿದರೆ ತಪ್ಪೇನಿಲ್ಲ. ಅವ್ವ ಆಸ್ಪತ್ರೆಯಿಂದ ಬರುವುದರೊಳಗೆ ಅವಳ ಕೋಣೆಗೆ ತಾಗಿಸಿ ಬಚ್ಚಲು ಕಟ್ಟಿಸಿ, ಅಂಗಡಿಯಲ್ಲಿದ್ದ ಅತ್ಯುತ್ತಮ ಕಮೋಡನ್ನು ಕೂರಿಸಿದ. ಆಚೀಚೆ ಹಿಡಿದುಕೊಳ್ಳಲು ಸ್ಟೀಲಿನ ಹಿಡಿ, ಮೆತ್ತಗೆ ಮುಚ್ಚಿಕೊಳ್ಳುವ ಮುಚ್ಚಳ. ಹೂ ಏರಿಸಿ ಆರತಿ ಎತ್ತುವುದೊಂದು ಬಾಕಿ ಇತ್ತು.

ಅವ್ವ ವಾಕರ್ ಹಿಡಿದು ಒಳಗೆ ಹೋದಳು, ಕೂತಳು, ಹೋದ ಹಾಗೆಯೇ ಹೊರಗೆ ಬಂದಳು.

"ಏನಾತವ್ವಾ?"

"ಎಂತ ಆಗಾದು? ಕುರ್ಚಿ ಮೇಲೆ ಕೂತ್ರೆ ಯಾರೋ ಕಾಪಿ ತಂದ್ಕೊಡ್ತಾರೆ ಅನ್ಸ್ತದೆ. ಬೇರೆ ಎಂತದೂ ಬರಾದಿಲ್ಲ."

ಮೊದಲು ಎಲ್ಲರೂ ನಕ್ಕರು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಒಳಗೆ ಹೋಗುವ ಪ್ರಮೇಯವೇ ಬರದಿರಲಿ ಎಂದು ಅವ್ವ ಊಟ ಕಡಿಮೆ ಮಾಡಿದಳು, ಆಮೇಲೆ ನೀರನ್ನೇ ಬಿಟ್ಟಳು. ಗಂಟಲು ಒಣಗಿದಾಗ ಒಂದು ಗುಟುಕು, ಅಷ್ಟೇ. ಸುಚಿತ್ರಾ ಡಾಕ್ಟರಿಗೆ ಫೋನ್ ಮಾಡಿದರೆ ಅವರು ರೇಗಿಬಿಟ್ಟರು: ನೀರು ಕುಡಿಯದಿದ್ದರೆ ಮೂತ್ರದ ಸೋಂಕಾಗುತ್ತದೆ, ಅದು ಹೊಸ ಮಂಡಿಗೆ ಇಳಿದರೆ ಮತ್ತೆ ಆಪರೇಷನ್, ಆ ವಯಸ್ಸಿಗೆ ತಡೆಯುವುದು ಕಷ್ಟ. ಪೂರ್ಣೇಶನ ನಗು ಅಲ್ಲಿಗೆ ನಿಂತಿತು. ಅವ್ವನ ಒಣಗಿದ ತುಟಿ ನೋಡಿದಾಗೆಲ್ಲ ಲೋಟಕ್ಕೆ ನೀರು ಬಗ್ಗಿಸಿ ತರುತ್ತಿದ್ದ.

ಅವನ ಹತ್ತಿರ ಇದ್ದ ಅಸ್ತ್ರ ಒಂದೇ. ಅಂಗಡಿಗೆ ಬೀಗ ಹಾಕಿ ಅವ್ವನ ಮಂಚದ ಪಕ್ಕ ಕೂತು ಕತೆ ಹೇಳತೊಡಗಿದ. ಹಿಂದೆ ಇಂಗ್ಲೆಂಡಿನ ರಾಣಿಗೆ ಅವಳ ಕಡೆಯವನೊಬ್ಬ ಫ್ಲಶ್ ಇರುವ ಪೀಠ ಮಾಡಿಕೊಟ್ಟಿದ್ದ ಎಂದ. "ರಾಣಿಗೆ ಬೇರೆ ಕೆಲ್ಸ ಇರ್ಲಿಲ್ಲ" ಎಂದಳು ಅವ್ವ. ಫ್ರಾನ್ಸಿನ ರಾಜರು ಅಂಥ ಪೀಠದಲ್ಲಿ ಕೂತುಕೊಂಡೇ ಬಂದವರನ್ನು ಮಾತಾಡಿಸುತ್ತಿದ್ದರು ಎಂದ. "ಅದ್ಕೇ ಅವ್ರ ರಾಜ್ಯ ಮುಳುಗಿದ್ದು." ಯುರೋಪಿನ ಕೋಟೆಗಳಲ್ಲಿ ಗೋಡೆಗೇ ತೂತು ಕೊರೆದು, ಮೇಲಿಂದ ಬಿಟ್ಟದ್ದು ಸೀದಾ ಕಂದಕಕ್ಕೆ ಬೀಳುವಂತೆ ಮಾಡಿದ್ದರು ಎಂದಾಗ ಮಾತ್ರ ಸ್ವಲ್ಪ ಆಸಕ್ತಿ ತೋರಿಸಿ, "ಕೆಳಗೆ ಯಾರೂ ನಿಂತ್ಕಳ್ತಿರ್ಲಿಲ್ವಾ?" ಎಂದು ಕೇಳಿದಳು. ನೀರಿನ ಲೋಟ ಮುಂದಕ್ಕೆ ಹಿಡಿದರೆ ಮುಖ ಆಚೆ ತಿರುಗಿಸಿದಳು. ಹಿತ್ತಲ ಗಿಡ ಮದ್ದಲ್ಲವಲ್ಲ. ಮೂರು ತಾಲೂಕಿಗೆ ಕಮೋಡು ದಾಟಿಸಿದ ಆ ಮಾತು ಮನೆಯಲ್ಲಿ ಒಂದು ಲೋಟ ನೀರು ಕುಡಿಸಲಾರದೆ ಸೋತಿತು.

ಕೊನೆಗೆ ಹೇಳಲು ಬೇರೇನೂ ಉಳಿಯದೆ ರೋಮಿನವರ ಕತೆ ತೆಗೆದ. ಅದನ್ನು ಹೆಂಗಸರ ಮುಂದೆ ಹೇಳಲು ಅವನಿಗೆ ಯಾವತ್ತೂ ಸಂಕೋಚ. "ಅವ್ರದ್ದು ಉದ್ದಕ್ಕೆ ಒಂದು ಕಲ್ಲಿನ ಜಗಲಿ ಅವ್ವಾ. ಅದ್ರಲ್ಲಿ ಸಾಲಾಗಿ ತೂತು, ಅಡಿಯಲ್ಲಿ ನೀರು ಹರೀತಿತ್ತು. ನಡುವೆ ಗೋಡೆ ಇಲ್ಲ, ಬಾಗ್ಲಿಲ್ಲ. ಎಲ್ಲಾ ಸಾಲಾಗಿ ಕೂರಾದು."

ಅವ್ವ ತಿರುಗಿ ನೋಡಿದಳು. "ಅಕ್ಕಪಕ್ಕ ಕೂತ್ಕಂಡಾ?"

"ಹೌದು."

"ಮಾತಾಡ್ಕಂಡಾ?"

"ಊರಿನ ಸುದ್ದಿ ಎಲ್ಲ ಅಲ್ಲೇ ಅಂತೆ."

"ಬುದ್ಧಿವಂತ್ರು ಕಣಾ ಅವ್ರು" ಎಂದು ಅವ್ವ ನಿಟ್ಟುಸಿರುಬಿಟ್ಟಳು.

ಪೂರ್ಣೇಶ ಲೋಟ ಹಿಡಿದು ಪೆಚ್ಚಾಗಿ ಕೂತಿದ್ದ. ಬಾಗಿಲಲ್ಲಿ ನಿಂತಿದ್ದ ಸುಚಿತ್ರಾ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ರೀ, ಪ್ರಪಂಚದ ಪಾಯಿಖಾನೆ ಎಲ್ಲಾ ಅರ್ಥ ಆಗ್ತದೆ, ಅವ್ವ ಅರ್ಥ ಆಗಾದಿಲ್ವಾ? ಅವ್ರಿಗೆ ಬೇಕಾಗಿರಾದು ಗುಡ್ಡೆ ಅಲ್ಲ, ವಿಶಾಲಮ್ಮ! ಅಷ್ಟು ವರ್ಷ ಜೊತೆ ಹೋದವ್ರು, ಈಗ ಒಬ್ರೇ ಬಾಗ್ಲು ಹಾಕ್ಕಂಡು ಗೋಡೆ ನೋಡ್ತಾ ಕೂರಿ ಅಂದ್ರೆ? ವಿಶಾಲಮ್ಮಂಗೂ ಜೊತೆ ಇಲ್ದೆ ಹೊಟ್ಟೆ ಕಟ್ಟಿದೆ ಅಂತೆ, ಅವ್ರ ಸೊಸೆ ಹೇಳ್ತಿದ್ಲು."

ಪೂರ್ಣೇಶ ಹೆಂಡತಿಗೆ ಅಡ್ಡಬೀಳುವುದೊಂದು ಬಾಕಿ. ಚಪ್ಪಲಿ ಮೆಟ್ಟದೆಯೇ ಜೀಪು ಹತ್ತಿ ಅಂಗಡಿಗೆ ಹೋಗಿ ಇನ್ನೊಂದು ಕಮೋಡು ಹೇರಿಕೊಂಡು ಬಂದ. ಪ್ಲಂಬರ್ ಶಿವು ಬಚ್ಚಲಿನ ಗೋಡೆ ಒಡೆದು ಜಾಗ ದೊಡ್ಡದು ಮಾಡುತ್ತ, "ಪೂರ್ಣೇಶಣ್ಣ, ಇದು ಮನೆಯಾ ಬಸ್‌ಸ್ಟ್ಯಾಂಡಾ?" ಎಂದು ಕೇಳಿದ. "ರೋಮು ಮಾರಾಯ, ರೋಮು! ಬೇಗ ಪೈಪು ಜೋಡ್ಸು" ಎಂದ ಪೂರ್ಣೇಶ. ಎರಡು ಪೀಠ ಅಕ್ಕಪಕ್ಕ ಕೂತವು. ನಡುವೆ ಒಂದು ಗೋಡೆ, ಕೂತವರ ಹೆಗಲಿನ ಎತ್ತರಕ್ಕೆ ಮಾತ್ರ. ಮರ್ಯಾದೆಗೆ ಅಷ್ಟು ಸಾಕು, ಮಾತಿಗೆ ಅಡ್ಡವಿಲ್ಲ.

ಸಿಮೆಂಟು ಒಣಗಿದ ಮೇಲೆ ಪಕ್ಕದ ಮನೆಗೆ ಕರೆಯಲು ಹೋಗಬೇಕು. ಮದುವೆಗೆ ಕರೆಯಬಹುದು, ಊಟಕ್ಕೆ ಕರೆಯಬಹುದು, ಇದಕ್ಕೆ ಏನೆಂದು ಕರೆಯುವುದು? ಪೂರ್ಣೇಶ ವಿಶಾಲಮ್ಮನ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡು, "ವಿಶಾಲತ್ತೆ, ನಾಳೆ ಬೆಳಿಗ್ಗೆ ನಮ್ಮನೆಗೆ ಬರ್ಬೇಕು. ಮತ್ತೆ... ಎಲ್ಲೂ ಹೋಗ್ದೆ ಹಂಗೇ ಬನ್ನಿ" ಎಂದು ಹೇಳಿ ಓಡಿ ಬಂದ. ಅವಳ ಸೊಸೆ ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡಳು.

ವಿಶಾಲಮ್ಮ ಬಂದಳು. ಅಭ್ಯಾಸಬಲದಿಂದ ಕೈಯಲ್ಲಿ ಚೊಂಬು, ಸೊಂಟದಲ್ಲಿ ಎಲೆಅಡಿಕೆ ಚೀಲ. ಎರಡು ಕಮೋಡು ನೋಡಿ, "ಯಮುನಕ್ಕ, ಇದೆಂತ ಮಾರಾಯ್ತಿ, ಮದ್ಮಗ ಮದ್ಮಗಳಿಗೆ ಕುರ್ಚಿ ಇಟ್ಟಂಗೆ ಇಟ್ಟಾನೆ!" ಎಂದಳು. ಅವ್ವ ಅವಳ ರಟ್ಟೆ ಹಿಡಿದು ಒಳಗೆ ನಡೆದಳು. ಬಾಗಿಲು ಮುಚ್ಚಿತು.

ಪೂರ್ಣೇಶ ಹೊರಗೆ ಬಾಗಿಲಿಗೆ ಕಿವಿಕೊಟ್ಟು ನಿಂತ. ಸುಚಿತ್ರಾ ಅಂಗಿ ಹಿಡಿದು ಎಳೆದರೂ ಕದಲಲಿಲ್ಲ. ಒಳಗೆ ಮೊದಲು ಎಲೆಅಡಿಕೆ ಚೀಲ ಬಿಚ್ಚಿದ ಸದ್ದು. ಆಮೇಲೆ ವಿಶಾಲಮ್ಮನ ಗುಸುಗುಸು, ಅದಕ್ಕೆ ಅವ್ವನ "ಹೌದಾ? ಯಾವಾಗ?" ಎಂಬ ಪ್ರಶ್ನೆ, ಮತ್ತೆ ಗುಸುಗುಸು. ಆಸ್ಪತ್ರೆಗೆ ಹೋದಂದಿನಿಂದ ಕೇಳದಿದ್ದ ಅವ್ವನ ನಗು ಹೊಟ್ಟೆಯಾಳದಿಂದ ಎದ್ದು ಬಂತು. ಅದರ ಹಿಂದೆಯೇ ಫ್ಲಶ್ ಮೊಳಗಿತು. ಇನ್ನೊಂದು ಫ್ಲಶ್ಶೂ ಮೊಳಗಿತು. ಪೂರ್ಣೇಶ ನಿಂತಲ್ಲೇ ಕುಣಿದುಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಆದರೆ ಬಾಗಿಲು ಮಾತ್ರ ತೆರೆಯಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯಿತು, ದೋಸೆ ಆರಿತು. ಅವನು ಮೆಲ್ಲಗೆ ಬಾಗಿಲು ತಟ್ಟಿದ.

"ಅವ್ವಾ, ಆತಾ?"

"ಅದಾಗಿ ಯಾವ ಕಾಲ ಆತು! ಮಾತು ಮುಗೀಲಿಲ್ಲ. ನೀನು ಹೋಗಿ ಅಂಗ್ಡಿ ಬಾಗ್ಲು ತೆಗಿ" ಎಂದಳು ಅವ್ವ ಒಳಗಿಂದಲೇ. "ತಡಿ, ಹೋಗಾಕೆ ಮುಂಚೆ ಕುಡಿಯಾಕೆ ನೀರು ತಂದಿಡು. ಲೋಟದಲ್ಲಿ ಬ್ಯಾಡ, ಕೊಡಪಾನ ತಾ."