ರೇಡಿಯೋ ಮಂಟಪದ ಹಿಂದಿನ ಎರಡು ಕೋಣೆ

ನಮ್ಮ ಮನೆಯಿಂದ ಒಬ್ಬ ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಎಣ್ಣೆ ಮಂಡಿಯಲ್ಲಿ ತೂಕ ಹಾಕುವ ಕೆಲಸ ಅವರದು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರೂ ಅವರೇ, ಹಾಗಾಗಿ ಎದುರಾಡುವಂತಿರಲಿಲ್ಲ. ಓದಿ ತೋರಿಸಿದೆ, ಅಷ್ಟೆ. ಗಿಂಡಿಯ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್. ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ.

ಆ ಓದು ಶುರುವಾದದ್ದು ನಮ್ಮ ಬೀದಿಯ ಪಾರ್ಕಿನಲ್ಲಿ. ಪಾರ್ಕಿಗೂ ಶಾಲೆಗೂ ನಡುವೆ ಗೋಡೆ ಇರಲಿಲ್ಲ. ಒಂದೇ ಗೇಟು, ಒಂದೇ ಕೊಳಾಯಿ. ಹಗಲು ಮಕ್ಕಳು, ಸಂಜೆ ರೇಡಿಯೋ ಕೇಳಲು ಬರುವ ಜನ. ರೇಡಿಯೋ ಮಂಟಪದ ಹಿಂದಿದ್ದ ಹೆಂಚಿನ ಎರಡು ಕೋಣೆ ಮಾತ್ರ ಕನ್ನಡದ ಕ್ಲಾಸು, ಉಳಿದದ್ದೆಲ್ಲ ತಮಿಳು. ನಾನು ಕಾಲೇಜಿನ ಕೊನೆಯ ವರ್ಷಕ್ಕೆ ಬಂದಾಗ ದೊಡ್ಡಪ್ಪನ ಕಿರಿಮಗಳು, ನನ್ನ ತಂಗಿ, ಅದೇ ಕೋಣೆಯಲ್ಲಿ ಎರಡನೆಯ ಕ್ಲಾಸು ಓದುತ್ತಿದ್ದಳು.

ಆ ವರ್ಷ ಇಡೀ ಜಾಗವನ್ನು ಹೊಸದಾಗಿ ಕಟ್ಟುತ್ತಾರೆಂದು ಸುದ್ದಿಯಾಯಿತು. ಶಾಲೆಯ ವರಾಂಡದಲ್ಲಿ ಮೂರು ನಕ್ಷೆ ಅಂಟಿಸಿದರು. ಭಾನುವಾರ ಕಾರ್ಪೊರೇಷನ್ನಿನ ಅಧಿಕಾರಿ ಬರುತ್ತಾರೆ, ಯಾವುದು ಬೇಕೋ ಜನರೇ ಹೇಳಬಹುದು ಎಂದರು. ಕನ್ನಡದ ಮನೆಗಳವರು ನಮ್ಮ ಜಗಲಿಯಲ್ಲಿ ಸೇರಿದರು. ನಕ್ಷೆ ಓದಬಲ್ಲವನು ನಾನೊಬ್ಬನೇ.

“ಮೊದಲ್ನೇದ್ರಲ್ಲಿ ನಮ್ ಕ್ಲಾಸು ಎಲ್ಲಿದ್ಯೋ?” ಎಂದರು ದೊಡ್ಡಪ್ಪ.

“ಪಾರ್ಕಿಗೂ ಸ್ಕೂಲಿಗೂ ನಡುವೆ ಗೋಡೆ ಬರತ್ತೆ ದೊಡ್ಡಪ್ಪ. ಆ ಕೋಣೆಗಳ ಮೇಲೇ ಹೋಗತ್ತೆ.”

“ಎರಡ್ನೇದು?”

“ಮೂಲೇಲಿ ಮಹಡಿ ಕಟ್ಟಡ, ಉಳಿದಿದ್ದೆಲ್ಲ ಪಾರ್ಕು. ಕನ್ನಡಕ್ಕೆ ಅಂತ ಕೋಣೆ ತೋರ್ಸಿಲ್ಲ. ಮೂರನೇದ್ರಲ್ಲಿ ಇರೋದನ್ನೇ ರಿಪೇರಿ ಮಾಡಿ, ಪಾರ್ಕಿಗೆ ಬೇರೆ ಗೇಟು ಇಡ್ತಾರೆ.”

“ಇಂಜಿನಿಯರ್ ತಂಬಿ, ನಾಲ್ಕನೇದು ಒಂದು ನೀನೇ ಬರ್ದುಬಿಡು,” ಎಂದರು ಪಕ್ಕದ ಮನೆಯ ಕಾಫಿಪುಡಿ ಅಂಗಡಿಯವರು. “ಹಂಗೇ ನನ್ ಅಂಗಡೀನೂ ಪಾರ್ಕೊಳಗೆ ಸೇರ್ಸು.”

ಕಟ್ಟಡದ ದೃಷ್ಟಿಯಿಂದ ಎರಡನೆಯದೇ ಗಟ್ಟಿ. ಹೆಂಚಿನ ಕೋಣೆಗಳಲ್ಲಿ ಐಪ್ಪಸಿ ತಿಂಗಳ ಮಳೆಗೆ ನಾನೇ ಸ್ಲೇಟು ತಲೆಯ ಮೇಲಿಟ್ಟು ಕೂತವನು. ಆದರೂ ಮೂರನೆಯದನ್ನು ಕೇಳೋಣ, ಆಗದಿದ್ದರೆ ಮಹಡಿಯಲ್ಲಿ ಎರಡು ಕೋಣೆ ಕನ್ನಡಕ್ಕೆಂದು ಬರೆಸಿಕೊಳ್ಳೋಣ ಎಂದೆ. ಎಲ್ಲರೂ ಒಪ್ಪಿದರು.

ನಮ್ಮವರದು ಒಂದು ರೂಢಿ. ಹೊಸಿಲು ದಾಟಿದರೆ ತಮಿಳು. ಬೇರೆಯವರ ಮುಂದೆ ನಮ್ಮ ಮಾತು ಆಡಿದರೆ ಅವರನ್ನೇ ಆಡಿಕೊಂಡಂತೆ, ಅದು ಮರ್ಯಾದೆಯಲ್ಲ ಎಂದು ದೊಡ್ಡಪ್ಪ ಬಾಲ್ಯದಿಂದ ಹೇಳಿಕೊಟ್ಟಿದ್ದರು. ಬಸ್ಸಿನಲ್ಲಿ ಅವರೂ ನಾನೂ ಇಬ್ಬರೇ ಕೂತಿದ್ದರೂ ತಮಿಳೇ.

ಭಾನುವಾರ ಅಧಿಕಾರಿ ಕೇಳಿದರು, ಕನ್ನಡ ಕ್ಲಾಸಿನ ಮಕ್ಕಳ ತಂದೆತಾಯಂದಿರು ಯಾರು ಎಂದು. ದೊಡ್ಡಪ್ಪ ಒಗೆದ ವೇಷ್ಟಿ ಉಟ್ಟು ಬಂದಿದ್ದರು. ಎದ್ದು ನಿಂತು, ಒಂದು ಕನ್ನಡ ಪದವೂ ನುಸುಳದಂತೆ, ಚಂದದ ತಮಿಳಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದರು. ಕಾಫಿಪುಡಿಯವರೂ ಹಾಗೆಯೇ. ಹೆಂಗಸರೂ ಹಾಗೆಯೇ. ನನ್ನ ತಂಗಿಯನ್ನು ಹೆಸರು ಕೇಳಿದರೆ ಅವಳೂ ತಮಿಳಿನಲ್ಲೇ ಹೇಳಿದಳು.

ಅಧಿಕಾರಿ ಒಳ್ಳೆಯ ಮನುಷ್ಯ. ನಕ್ಕರು. “ನಿಮ್ಮ ತಮಿಳು ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಹಿರಿಯರೇ. ಇನ್ನು ಬೇರೆ ಕ್ಲಾಸು ಯಾತಕ್ಕೆ?” ಎಂದರು ತಮಿಳಿನಲ್ಲಿ. ದೊಡ್ಡಪ್ಪ ಅದನ್ನು ಹೊಗಳಿಕೆ ಎಂದುಕೊಂಡು ಕೈ ಮುಗಿದರು.

ನಾನು ಎದ್ದು ಇಂಗ್ಲಿಷಿನಲ್ಲಿ ವಾದಿಸಿದೆ. ನಾನೂ ಆ ಕೋಣೆಯಲ್ಲೇ ಅಕ್ಷರ ಕಲಿತವನು, ಗಿಂಡಿಯಲ್ಲಿ ಓದುತ್ತಿದ್ದೇನೆ ಎಂದೆ. ಅವರು ಸುತ್ತ ಕೂತವರ ಕಡೆ ತಿರುಗಿ, “ನೋಡಿ, ಈ ಜನಕ್ಕೆ ಏನು ಕೊರತೆ?” ಎಂದರು. ಸಭೆ ಚಪ್ಪಾಳೆ ತಟ್ಟಿತು. ನಮ್ಮವರೂ ತಟ್ಟಿದರು.

ಎರಡನೆಯ ನಕ್ಷೆ ಗೆದ್ದಿತು. ಕನ್ನಡಕ್ಕೆ ಕೋಣೆ ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ಹೆಂಚು ಇಳಿಸಿದರು. ಕನ್ನಡದ ಮೇಷ್ಟರು ಕಪ್ಪು ಹಲಗೆಯನ್ನು ಕೈಗಾಡಿಯ ಮೇಲೆ ಹಾಕಿಕೊಂಡು ಕ್ರೋಂಪೇಟೆಯ ತಮ್ಮ ಮನೆಗೆ ಹೋದರು. ತಂಗಿಯನ್ನು ತಮಿಳು ಕ್ಲಾಸಿಗೆ ಸೇರಿಸಿದೆವು. ಅವಳು ಚುರುಕು, ಹಿಂದೆ ಬೀಳಲಿಲ್ಲ. ಮನೆಯೊಳಗೆ ದೊಡ್ಡಪ್ಪ ಕನ್ನಡದಲ್ಲಿ ಕರೆದರೆ “ಇದೋ ವರೇನ್‌ಪ್ಪಾ” ಎಂದು ತಮಿಳಿನಲ್ಲೇ ಓಗೊಡತೊಡಗಿದಳು. ಅವರು ಮೊದಮೊದಲು ಗದರಿದರು, ಆಮೇಲೆ ಬಿಟ್ಟರು. ಊಟಕ್ಕೆ ಕೂತಾಗ ದೊಡ್ಡಪ್ಪ, ನಾನು ಇಬ್ಬರೇ ನಮ್ಮ ಮಾತು ಆಡುತ್ತಿದ್ದೆವು, ಅದೂ ಕಡಿಮೆಯಾಯಿತು.

ಘಟಿಕೋತ್ಸವ ಮುಗಿಸಿಕೊಂಡು ಬಾಡಿಗೆ ಗೌನು ಹಿಂದಿರುಗಿಸಿ ಮನೆಗೆ ಬಂದೆ. ಆಗದು ಎಂದವರ ಕೈಯಲ್ಲೇ ಸರ್ಟಿಫಿಕೇಟು ಇಟ್ಟೆ. ದೊಡ್ಡಪ್ಪ ಎಣ್ಣೆಗೈಯನ್ನು ಟವೆಲಿಗೆ ಒರೆಸಿಕೊಂಡು ಅಂಚುಗಳಲ್ಲಿ ಹಿಡಿದುಕೊಂಡರು. ಓದಲು ಬಾರದು, ಆದರೂ ಮೇಲಿನಿಂದ ಕೆಳಗೆ ನೋಡಿದರು. ಸೀಲಿನ ಮೇಲೆ ಬೆರಳು ಇಡಲಿಲ್ಲ.

“ಆ ಆಫೀಸರ್‌ಗೆ ಇದನ್ನ ತಗೊಂಡ್ಹೋಗಿ ತೋರ್ಸಿದ್ರೆ,” ಎಂದರು, “ಮಗೂ ಕ್ಲಾಸು ವಾಪಸ್ ಕೊಡ್ತಾರೇನೋ?”