ಫರಸಿಯ ಮೇಲಿನ ಅಕ್ಷರ

ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿದ್ದೀತು. ನಮ್ಮ ಶಹಾಬಾದಿನಲ್ಲಿ ನೆಲ, ಗೋಡೆ, ಮಾಳಿಗೆ, ಕೂಡುವ ಕಟ್ಟೆ ಎಲ್ಲವೂ ಅದೇ ಕಲ್ಲು. ಬೇಸಿಗೆಯ ಸಂಜೆ ಎಲ್ಲಾದರೂ ಆ ವಾಸನೆ ಬಂದರೆ ಸಾಕು, ನಮ್ಮ ಹಳೆಯ ಅಂಗಳ ಕಣ್ಣ ಮುಂದೆ ಬರುತ್ತದೆ. ಅಬ್ಬಾ ಗಣಿಯಿಂದ ಬಂದು ತಲೆಯ ಬಿಳಿ ದೂಳು ಕೊಡವುತ್ತಿದ್ದರು. ಒಳಗೆ ಅಮ್ಮೀ ರೊಟ್ಟಿ ಬಡಿಯುವ ಸಪ್ಪಳ. ಅಬ್ಬಾನ ತಾಯಿ, ನಮ್ಮ ದಾದಿ, ಅಂಗಳದ ಈ ಮೂಲೆಯಲ್ಲಿ ಕೈಕಾಲು ತೊಳೆದು, ಆಚೆಯ ಜಗಲಿಗೆ ನಮಾಜಿಗೆಂದು ನಡೆಯುತ್ತಿದ್ದಳು. ಅಂಗಳ ದಾಟುವಷ್ಟರಲ್ಲೇ ಅವಳ ಮೊಣಕಾಲು ಸೋತುಹೋಗುತ್ತಿದ್ದವು.

ಆ ವರ್ಷ ನಾನು ಉರ್ದು ಶಾಲೆಯಲ್ಲಿ ಏಳನೆಯದು ಮುಗಿಸಿದ್ದೆ. ಮುಂದೆ ಉರ್ದುವಿನಲ್ಲೇ ಓದಬೇಕೆಂದರೆ ಗುಲಬರ್ಗಾಕ್ಕೆ ಹೋಗಬೇಕಿತ್ತು, ಹೆಣ್ಣುಮಗಳನ್ನು ಅಷ್ಟು ದೂರ ಯಾರು ಕಳಿಸಿಯಾರು? ಮನೆಯ ಹತ್ತಿರದ ಹೈಸ್ಕೂಲು ಕನ್ನಡದ್ದು. ಅಲ್ಲಿನ ಹೆಡ್ಮಾಸ್ತರರು ಒಳ್ಳೆಯವರು. ಶಾಲೆ ಎಲ್ಲರದ್ದು, ಜೂನಿನೊಳಗೆ ಕನ್ನಡ ಓದಿ ಬರೆಯಲು ಕಲಿತು ಬರಲಿ, ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ದಾದಿ ಮಾತ್ರ ಒಪ್ಪಲಿಲ್ಲ. ಪೇಟೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಿದ್ದವಳಿಗೆ, ಮೊಮ್ಮಗಳು ಅದೇ ಕನ್ನಡದಲ್ಲಿ ಓದಿದರೆ ನಮ್ಮವಳಾಗಿ ಉಳಿಯುವುದಿಲ್ಲವೆಂಬ ಭಯ. ಬಂಡೆ ಸೀಳುವ ಅಬ್ಬಾ ತಾಯಿಯ ಮಾತು ಮುರಿಯುವವರಲ್ಲ. ನನಗೆ ಓದಬೇಕಿತ್ತು. ಅಷ್ಟು ಆಸೆ ಆಮೇಲೆ ನಾನು ಯಾವುದಕ್ಕೂ ಪಟ್ಟಿಲ್ಲ.

ಪಕ್ಕದ ಮನೆಯ ಶಿವಮ್ಮಕ್ಕ ಮೆಟ್ರಿಕ್ ಓದಿದವರು. ಅವರ ಇಬ್ಬರು ಗಂಡುಮಕ್ಕಳು ಪುಸ್ತಕ ಕಂಡರೆ ವಾಡಿ ಸ್ಟೇಷನ್ನಿನವರೆಗೆ ಓಡುವ ಜಾತಿ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ನಗುತ್ತಾ, ಅವರು ಸಂಜೆ ನಮ್ಮ ಅಂಗಳಕ್ಕೆ ಬಂದು ಫರಸಿಯ ಮೇಲೆ ಸೀಮೆಸುಣ್ಣದಿಂದ ನನಗೆ ಅಕ್ಷರ ತಿದ್ದಿಸುತ್ತಿದ್ದರು. ಬೇಸಿಗೆ ರಜೆಯ ಆಟವೆಂದು ದಾದಿ ಸುಮ್ಮನಿದ್ದಳು. ಅಜಾನ್ ಕೂಗಿ ದಾದಿ ನಮಾಜಿಗೆಂದು ಆ ದಾರಿಯಲ್ಲಿ ಬರುವುದರೊಳಗೆ ನಾನು ಎಲ್ಲವನ್ನೂ ಒರೆಸಿಬಿಡುತ್ತಿದ್ದೆ.

ಒಂದು ಸಂಜೆ ಉಕ್ತಲೇಖನ ಬರೆಯುತ್ತಾ ಮೈಮರೆತೆವು. ಆ ಗೋಡೆಯಿಂದ ಈ ಗೋಡೆಯ ಹತ್ತಿರದವರೆಗೆ ನನ್ನ ದುಂಡನೆಯ ಅಕ್ಷರಗಳು ತುಂಬಿದ್ದವು. ಅಜಾನ್ ಕೂಗಿತು. ಕೈಕಾಲು ತೊಳೆದ ದಾದಿ ಅಕ್ಷರಗಳ ಮುಂದೆ ಬಂದು ನಿಂತಳು. ಇನ್ನು ನನ್ನ ಓದು ಮುಗಿಯಿತೆಂದುಕೊಂಡು ಅರಿವೆ ಹಿಡಿದು ಓಡಿದೆ. ಅವಳು ಕೈ ಎತ್ತಿ ನನ್ನನ್ನು ತಡೆದಳು. ಗೋಡೆ ಹಿಡಿದು, ಕೋಳಿಗೂಡು ಬಳಸಿ, ಇಡೀ ಅಂಗಳ ಸುತ್ತಿಕೊಂಡು ಜಗಲಿ ಸೇರಿದಳು.

ನಮಾಜು ಮುಗಿದ ಮೇಲೆ ಶಿವಮ್ಮಕ್ಕ ಕೇಳಿದರು.

“ಒರಸಿ ಬಿಡ್ತಿದ್ದಿವಲ್ಲ ಅಮ್ಮಾ. ಆ ಕಾಲು ಇಟ್ಕೊಂಡು ಸುತ್ತು ಹಾಕಿ ಯಾಕ ಹೋದ್ರಿ?”

“ಅಕ್ಷರ ಅವ ಅಲ್ಲೇನವ್ವ,” ಎಂದಳು ದಾದಿ. “ಯಾರದರೆ ಇರಲಿ, ಅಕ್ಷರದ ಮ್ಯಾಲ ಕಾಲು ಹ್ಯಾಂಗ ಇಡ್ಲಿ?”

ಅಬ್ಬಾ ಅವತ್ತು ಮಾತ್ರ ಬಾಯಿಬಿಟ್ಟರು. ತುಳಿಯಬಾರದ್ದು ಕಲಿಯಬಾರದ್ದು ಹೇಗಾಗುತ್ತದೆ ಎಂದು ಮೆಲ್ಲಗೆ ಕೇಳಿದರು. ದಾದಿ ತಸ್ಬಿಯ ಮಣಿ ಎಣಿಸುತ್ತಾ ಕುಳಿತಳು. ಜೂನ್ ತಿಂಗಳಲ್ಲಿ ಬುರ್ಖಾ ಹಾಕಿಕೊಂಡು, ಕುಂಟುತ್ತಾ, ನನ್ನನ್ನು ಹೈಸ್ಕೂಲಿನ ಬಾಗಿಲಿಗೆ ಕರೆದುಕೊಂಡು ಹೋದವಳು ಅವಳೇ.

ಅವರ್ಯಾರೂ ಈಗಿಲ್ಲ. ಆ ಅಂಗಳದ ಫರಸಿ ಕಿತ್ತು ಯಾರೋ ಹೊಳೆಯುವ ಟೈಲ್ಸ್ ಹಾಕಿಸಿದ್ದಾರೆ. ಚಿತ್ತಾಪುರದ ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ನನ್ನ ಆಯುಷ್ಯ ಕಳೆಯಿತು, ಸುಖವಾಗಿಯೇ ಕಳೆಯಿತು. ಇಲ್ಲಿ ಮನೆ ಕಟ್ಟಿಸುವಾಗ ಹಟ ಹಿಡಿದು ಅಂಗಳಕ್ಕೆ ಫರಸಿಯನ್ನೇ ಹಾಕಿಸಿದೆ. ಸಂಜೆ ಮೊಮ್ಮಗಳು ಅದರ ಮೇಲೆ ಕಾಗುಣಿತ ಬರೆಯುತ್ತಾಳೆ. ನನಗೂ ಈಗ ಮೊಣಕಾಲು ನೋವು. ಆದರೂ ನಮಾಜಿನ ಹೊತ್ತಿಗೆ ಗೋಡೆ ಹಿಡಿದು, ಸುತ್ತು ಹಾಕಿಯೇ ಹೋಗುತ್ತೇನೆ.