ಮದರಂಗಿ ಬೇಲಿ

ಎಪ್ಪತ್ತರ ದಶಕದ ಮಾತು. ತಿಕೋಟಾದ ಸಾಲಿಯಲ್ಲಿ ನಾನು ಪಾಠ ಹೇಳುವ ಅಕ್ಕೋರಾಗಿದ್ದೆ. ಏಳನೆಯ ಇಯತ್ತೆಯ ಶಾಂತವ್ವ ಮಧ್ಯಾಹ್ನ ಮನೆಗೆ ಹೋದರೆ ತಿರುಗಿ ಬರುತ್ತಿರಲಿಲ್ಲ. ಮನೆಗೇ ಹೋಗಿ ಕೇಳಿದೆ. ಜೋಳ ಹಸನು ಮಾಡುತ್ತಿದ್ದ ಅವಳ ಅವ್ವ ತಲೆ ಎತ್ತದೆ ಅಂದಳು:

“ಸಾಲಿ ಹಿಂದ ಮರೆ ಇಲ್ರಿ ಅಕ್ಕೋರ. ಹುಡುಗೇರು ಒಂದಕ್ಕ ಎಲ್ಲಿ ಹೋಗಬೇಕು? ನೀವರೆ ಎಲ್ಲಿ ಹೋಗ್ತೀರಿ?”

ಸಂಜೆ ವಿಜಾಪುರದ ಮನೆ ಮುಟ್ಟುವವರೆಗೆ ನಾನೂ ತಡೆದುಕೊಳ್ಳುತ್ತಿದ್ದೆ.

ಮಳೆ ಬಿದ್ದ ಮೇಲೆ ಶಾಂತವ್ವನ ಅವ್ವನೇ ಮದರಂಗಿ ಕಡ್ಡಿ ತಂದಳು. ಹುಡುಗಿಯರೆಲ್ಲ ಸೇರಿ ಸಾಲಿಯ ಹಿಂದೆ ನೆಟ್ಟು, ಕುಡಿದು ಉಳಿದ ನೀರು ಹಾಕಿದರು. ಅದು ಮೊಣಕಾಲೆತ್ತರ ಬರುವಷ್ಟರಲ್ಲಿ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಜೀವ ಮಾತ್ರ ಅಲ್ಲೇ ಉಳಿಯಿತು.

ಮುಂದೊಮ್ಮೆ ಬಸ್ಸಿನಲ್ಲಿ ತಿಕೋಟಾದ ದಾರಿಯಾಗಿ ಹೋದಾಗ ಬೇಲಿ ಆಳೆತ್ತರ ಬೆಳೆದಿತ್ತು. ನನ್ನ ಹುಡುಗಿಯರು ಕಂಡಾರೇನೋ ಎಂದು ಕಿಟಕಿಯಿಂದ ಕತ್ತು ಚಾಚಿದೆ. ಯಾರೂ ಕಾಣಲಿಲ್ಲ. ಕಾಣಬಾರದು ಅಂತಲೇ ಅಲ್ಲವೇ ನೆಟ್ಟಿದ್ದು!